ಬಾಗಿಲು ತೆರೆಯಿರಿ ಎಂದು ಹೇಳಬೇಕಾದವರು ಯಾರು? ಸಿನ್ಸಿನಾಟಿ, 1979: ಒಂದು ಪ್ರಕರಣ ಅಧ್ಯಯನ

1979ರ ಡಿಸೆಂಬರ್ 3, ಸೋಮವಾರ. ಅಮೆರಿಕದ ಓಹಾಯೋ ರಾಜ್ಯದ ಸಿನ್ಸಿನಾಟಿ ನಗರ. ಬ್ರಿಟನ್ನಿನ ರಾಕ್ ಬ್ಯಾಂಡ್ 'ದಿ ಹೂ' ಕಾರ್ಯಕ್ರಮಕ್ಕೆ ಬಂದಿದ್ದವರಲ್ಲಿ 11 ಜನ ಆ ಸಂಜೆ ಸತ್ತರು. ಬೆಂಕಿ ಬಿದ್ದಿರಲಿಲ್ಲ, ಗೋಡೆ ಕುಸಿದಿರಲಿಲ್ಲ, ಯಾರೂ ಯಾರ ಮೇಲೂ ಕೈ ಮಾಡಿರಲಿಲ್ಲ. ದುಡ್ಡು ಕೊಟ್ಟು ತಂದ ಟಿಕೆಟ್ ಜೇಬಿನಲ್ಲಿಟ್ಟುಕೊಂಡು ಬಾಗಿಲು ತೆಗೆಯಲಿ ಎಂದು ಕಾಯುತ್ತಿದ್ದರು, ಅಷ್ಟೇ.

ರಾಕ್ ಸಂಗೀತದ ಚರಿತ್ರೆ ಬರೆಯುವವರು ಈ ಸಂಜೆಯನ್ನು ಒಂದು ಪ್ಯಾರಾದಲ್ಲಿ ಮುಗಿಸಿ ಮುಂದಿನ ಆಲ್ಬಮ್ಮಿಗೆ ಹೋಗಿಬಿಡುತ್ತಾರೆ. ನನಗೆ ಇದು ಪೂರ್ತಿ ಬಿಡಿಸಿ ನೋಡಬೇಕಾದ ಪ್ರಕರಣ ಅನಿಸುತ್ತದೆ. ಕಾಲೇಜು ಫೆಸ್ಟ್ ಮಾಡುವವರು, ಆರ್ಕೆಸ್ಟ್ರಾ ಕರೆಸುವ ಸಂಘದವರು, ಬಂದೋಬಸ್ತಿಗೆ ನಿಲ್ಲುವ ಪೊಲೀಸರು, ಮಗಳನ್ನು ಕಾನ್ಸರ್ಟಿಗೆ ಕಳಿಸುವ ಅಪ್ಪ ಅಮ್ಮ, ಇವರೆಲ್ಲರಿಗೂ ಇದರಲ್ಲಿ ಕೆಲಸಕ್ಕೆ ಬರುವ ವಿಷಯ ಇದೆ. ಊರು, ದಿನಾಂಕ, ಬ್ಯಾಂಡ್ ಮುಚ್ಚಿಡುವಂಥದ್ದಲ್ಲ. ಆದರೆ ಸತ್ತವರ, ಬದುಕಿ ಉಳಿದವರ, ಅಂದು ಕೆಲಸದ ಮೇಲಿದ್ದ ಅಧಿಕಾರಿಗಳ ಹೆಸರುಗಳನ್ನು ಇಲ್ಲಿ ಬಿಟ್ಟಿದ್ದೇನೆ. ಅವರವರು ಅಂದು ನಿಂತಿದ್ದ ಜಾಗ ಗೊತ್ತಾದರೆ ಸಾಕು.

ಹಿನ್ನೆಲೆ

'ದಿ ಹೂ' ಆಗ ಹೊಸ ಬ್ಯಾಂಡ್ ಅಲ್ಲ. ಹದಿನೈದು ವರ್ಷ ಹಳೆಯದು. ಜೋರು ಸದ್ದಿಗೆ ಹೆಸರಾದದ್ದು. 1976ರಲ್ಲಿ ಲಂಡನ್ನಿನ ಚಾರ್ಲ್‌ಟನ್ ಮೈದಾನದಲ್ಲಿ ಇವರು ಮಾಡಿದ ಸದ್ದು 126 ಡೆಸಿಬೆಲ್ ಎಂದು ಅಳೆದು ಗಿನ್ನೆಸ್ ಪುಸ್ತಕಕ್ಕೂ ಸೇರಿಸಿದ್ದರು. ಈ ಜೋರು ಸದ್ದಿನ ವಿಷಯ ಮುಂದೆ ಬೇಕಾಗುತ್ತದೆ, ನೆನಪಿರಲಿ.

1978ರ ಸೆಪ್ಟೆಂಬರಿನಲ್ಲಿ ಅವರ ಡ್ರಮ್ಮರ್ ತೀರಿಕೊಂಡರು. ಬ್ಯಾಂಡ್ ಮುಗಿದೇ ಹೋಯಿತು ಎಂದುಕೊಂಡವರು ಬಹಳ. ಹಾಗಾಗಲಿಲ್ಲ. ಹೊಸ ಡ್ರಮ್ಮರ್ ಬಂದರು, ಮರುವರ್ಷ ಅಮೆರಿಕ ಪ್ರವಾಸ ಶುರುವಾಯಿತು. ಇನ್ನು ನೋಡಲು ಸಿಗುವುದೇ ಇಲ್ಲ ಎಂದುಕೊಂಡ ಬ್ಯಾಂಡ್ ನಮ್ಮೂರಿಗೇ ಬರುತ್ತಿದೆ ಅಂದರೆ ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರು ಸುಮ್ನೆ ಮನೆಯಲ್ಲಿ ಕೂರುತ್ತಾರಾ? ಟಿಕೆಟ್ ಬೇಗ ಖಾಲಿಯಾಯಿತು.

ಜಾಗ ರಿವರ್‌ಫ್ರಂಟ್ ಕೊಲಿಸಿಯಂ. ಓಹಾಯೋ ನದಿಯ ದಂಡೆಯ ಮೇಲೆ 1975ರಲ್ಲಿ ಶುರುವಾದ ಒಳಾಂಗಣ ಅರೀನಾ. ಅಂದಿನ ಕಾರ್ಯಕ್ರಮಕ್ಕೆ 18,000ಕ್ಕೂ ಜಾಸ್ತಿ ಟಿಕೆಟ್ ಮಾರಾಟವಾಗಿತ್ತು. ಅದರಲ್ಲಿ 14,000ಕ್ಕೂ ಜಾಸ್ತಿ ಟಿಕೆಟ್‌ಗಳ ಮೇಲೆ ಸೀಟ್ ನಂಬರ್ ಇರಲಿಲ್ಲ. ನಮ್ಮ ಟೂರಿಂಗ್ ಟಾಕೀಸಿನ ನೆಲದ ಟಿಕೆಟ್ ಇದ್ದ ಹಾಗೆ. ಮೊದಲು ಒಳಗೆ ನುಗ್ಗಿದವನಿಗೆ ವೇದಿಕೆಯ ಮುಂದೆ ಜಾಗ, ತಡವಾದವನಿಗೆ ಹಿಂದಿನ ಮೂಲೆ. ಬೆಲೆ ಮಾತ್ರ ಇಬ್ಬರಿಗೂ ಒಂದೇ.

ಅಮೆರಿಕದಲ್ಲಿ ಇದಕ್ಕೆ ಫೆಸ್ಟಿವಲ್ ಸೀಟಿಂಗ್ ಎನ್ನುತ್ತಿದ್ದರು. ಸಂಘಟಕರಿಗೆ ಇಷ್ಟ, ಯಾಕೆಂದರೆ ಕುರ್ಚಿ ಹಾಕದ ನೆಲದಲ್ಲಿ ಜಾಸ್ತಿ ಜನ ಹಿಡಿಸುತ್ತಾರೆ, ಜಾಗ ತೋರಿಸಲು ಆಳುಗಳೂ ಅಷ್ಟಾಗಿ ಬೇಡ. ಅಭಿಮಾನಿಗಳಿಗೂ ಇಷ್ಟವಿತ್ತು, ಇದನ್ನು ಮರೆಯಬಾರದು. ಶ್ರೀಮಂತನ ಮಗನಿಗೆ ಮುಂದಿನ ಸಾಲು, ಬಡವನಿಗೆ ಹಿಂದಿನದು ಎಂಬ ಲೆಕ್ಕ ಅಲ್ಲಿರಲಿಲ್ಲ. ಬೇಗ ಬಂದು ಚಳಿಯಲ್ಲಿ ಕಾದರೆ ಯಾರು ಬೇಕಾದರೂ ಮುಂದೆ ನಿಲ್ಲಬಹುದಿತ್ತು. ಆದರೆ ಈ ಟಿಕೆಟ್ ಎಲ್ಲರಿಗೂ ಒಂದೇ ಮಾತು ಹೇಳುತ್ತಿತ್ತು: ಬೇಗ ಬಾ, ಮುಂದೆ ನಿಲ್ಲು, ಬಾಗಿಲು ತೆರೆದ ಕೂಡಲೇ ಓಡು. ಕಾರ್ಯಕ್ರಮ ಮಾಡಿದವರೇ ಓಟದ ಪಂದ್ಯ ಇಟ್ಟು, ಆಮೇಲೆ ಓಡಿದವರನ್ನು ಬೈದರೆ ಹೇಗೆ?

ಮುನ್ಸೂಚನೆ ಇರಲಿಲ್ಲ ಎಂದೂ ಹೇಳುವ ಹಾಗಿಲ್ಲ. 1977ರ ಏಪ್ರಿಲಿನಲ್ಲಿ ಇದೇ ಅರೀನಾದಲ್ಲಿ ಲೆಡ್ ಜೆಪ್ಲಿನ್ ಬ್ಯಾಂಡ್ ನುಡಿಸಿದಾಗ ಟಿಕೆಟ್ ಇಲ್ಲದ ಸುಮಾರು 1,000 ಜನ ಒಳನುಗ್ಗಲು ನೋಡಿದ್ದರು. 70ಕ್ಕೂ ಜಾಸ್ತಿ ಜನರನ್ನು ಪೊಲೀಸರು ಹಿಡಿದಿದ್ದರು. ಅದರಿಂದ ಕಲಿತ ಪಾಠ ಯಾವುದು ಗೊತ್ತಾ? ಬಾಗಿಲು ಗಟ್ಟಿಯಾಗಿ ಮುಚ್ಚಿಡಬೇಕು, ಟಿಕೆಟ್ ಇಲ್ಲದವರು ಒಳಗೆ ಬರದ ಹಾಗೆ ನೋಡಿಕೊಳ್ಳಬೇಕು. ಟಿಕೆಟ್ ಇದ್ದವರೇ ಬಾಗಿಲಿಗೆ ಒತ್ತಿಕೊಂಡರೆ ಏನು ಮಾಡಬೇಕು ಎಂದು ಯೋಚಿಸಿದವರು ಇದ್ದಂತೆ ಕಾಣುವುದಿಲ್ಲ.

ಆ ಸಂಜೆಯ ಗಂಟೆಗಳು

ಕಾರ್ಯಕ್ರಮ ರಾತ್ರಿ 8ಕ್ಕೆ. ಬಾಗಿಲು 7ಕ್ಕೆ ತೆರೆಯಬೇಕಿತ್ತು. ಆದರೆ ನಂಬರಿಲ್ಲದ ಟಿಕೆಟ್‌ನವರನ್ನು ಮಧ್ಯಾಹ್ನ 3ಕ್ಕೇ ಒಳಗೆ ಬಿಡುತ್ತಾರೆ ಎಂಬ ಸುದ್ದಿ ರೇಡಿಯೊದಲ್ಲಿ ಬಂದಿತ್ತು. ಹಾಗಾಗಿ ಮಧ್ಯಾಹ್ನದಿಂದಲೇ ಜನ ಸೇರತೊಡಗಿದರು. ನದಿ ಕಡೆಯಿಂದ ಕೊರೆಯುವ ಗಾಳಿ. ಸಂಜೆ 7ರ ಹೊತ್ತಿಗೆ ಬಾಗಿಲುಗಳ ಮುಂದಿನ ಬಯಲಲ್ಲಿ ಸುಮಾರು 8,000 ಜನ.

ಅಷ್ಟು ಜನಕ್ಕೆ ಸಾಲು ಇರಲಿಲ್ಲ. ಸಾಲು ಮಾಡಲು ಕಟಕಟೆ ಕೂಡ ಹಾಕಿರಲಿಲ್ಲ. ಹೊರಗೆ ಬಂದೋಬಸ್ತಿಗೆ ಇದ್ದ ಪೊಲೀಸರು ಸುಮಾರು 25 ಜನ. ಒಳಗೆ ಟಿಕೆಟ್ ಹರಿಯುವವರೂ ಸಾಕಷ್ಟು ಇರಲಿಲ್ಲ.

ಇಲ್ಲಿ ಮೊದಲ ತಿರುವು. ಪೊಲೀಸರ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದ ಅಧಿಕಾರಿಗೆ ಗುಂಪು ಬಿಗಿಯಾಗುತ್ತಿರುವುದು ಕಂಡಿತು. ಬಾಗಿಲು ತೆಗೆಯಿರಿ ಎಂದು ಅವರು ಸಂಘಟಕರ ಕಡೆಯವರನ್ನು ಕೇಳಿದರು. ಸಿಕ್ಕ ಉತ್ತರ: ಬ್ಯಾಂಡಿನ ಸೌಂಡ್ ಚೆಕ್ (ಕಾರ್ಯಕ್ರಮಕ್ಕೆ ಮುಂಚೆ ವಾದ್ಯ ನುಡಿಸಿ, ಮೈಕಿನಲ್ಲಿ ಹಾಡಿ ಸದ್ದು ಸರಿಯಿದೆಯಾ ಎಂದು ನೋಡುವುದು) ಇನ್ನೂ ಮುಗಿದಿಲ್ಲ, ಟಿಕೆಟ್ ಹರಿಯುವವರೂ ಸಾಲದು. ಅಧಿಕಾರಿ ಕೇಳಬಹುದಿತ್ತೇ ಹೊರತು ಅಪ್ಪಣೆ ಮಾಡುವ ಹಾಗಿರಲಿಲ್ಲ. ಹೊರಗಿನ ಬಯಲು ಪೊಲೀಸರ ಹೊಣೆ, ಒಳಗಿನದೆಲ್ಲ ಅರೀನಾದವರದು ಮತ್ತು ಸಂಘಟಕರದು. ಬಾಗಿಲು ಇದ್ದದ್ದು ಈ ಎರಡರ ಮಧ್ಯೆ.

ಈ ಇಡೀ ಪ್ರಕರಣದಲ್ಲಿ ನಾನು ಬೆರಳಿಟ್ಟು ತೋರಿಸುವುದು ಇದನ್ನೇ. ಹೊರಗೆ ನಿಂತು ಕಷ್ಟ ಕಾಣುತ್ತಿದ್ದವರಿಗೆ ತೀರ್ಮಾನ ಮಾಡುವ ಅಧಿಕಾರ ಇರಲಿಲ್ಲ. ಅಧಿಕಾರ ಇದ್ದವರು ಒಳಗಿದ್ದರು, ಅವರಿಗೆ ಹೊರಗಿನ ಕಷ್ಟ ಕಾಣುತ್ತಿರಲಿಲ್ಲ. ಅವರ ಕಣ್ಣ ಮುಂದಿದ್ದದ್ದು ಮುಗಿಯದ ಸೌಂಡ್ ಚೆಕ್.

ಬ್ಯಾಂಡಿನ ಸದ್ದು ಜೋರು ಎಂದೆನಲ್ಲ. ಒಳಗೆ ನಡೆಯುತ್ತಿದ್ದ ಸೌಂಡ್ ಚೆಕ್ ಹೊರಗಿನ ಬಯಲಿಗೂ ಕೇಳಿಸುತ್ತಿತ್ತು. ಹಿಂದೆ ನಿಂತವರು ಕಾರ್ಯಕ್ರಮ ಶುರುವಾಗಿಯೇ ಬಿಟ್ಟಿತು ಎಂದುಕೊಂಡು ಮುಂದಕ್ಕೆ ಒತ್ತಿದರು. ಬಾಗಿಲು ಮುಚ್ಚಿಯೇ ಇದೆ ಎಂದು ಗೊತ್ತಾದ ಮೇಲೆ ಒತ್ತಡ ಸ್ವಲ್ಪ ಇಳಿಯಿತು. 7 ಗಂಟೆ ದಾಟಿದ ಮೇಲೆ ಕೆಲವೇ ಬಾಗಿಲು ತೆರೆದರು. ಉದ್ದಕ್ಕೆ ಬಾಗಿಲುಗಳ ಸಾಲೇ ಇದ್ದರೂ ಜನ ನುಸುಳಲು ಸಿಕ್ಕಿದ್ದು ಒಂದು ಕೊನೆಯ ಬೆರಳೆಣಿಕೆಯ ಬಾಗಿಲು. ಅಷ್ಟರಲ್ಲಿ ಒಳಗಿಂದ ಮತ್ತೆ ಸಂಗೀತ ಕೇಳಿಸಿತು. ಅದು ತಡವಾದ ಸೌಂಡ್ ಚೆಕ್ ಎಂದು ಕೆಲವರು, ಬ್ಯಾಂಡಿನದೇ ಸಿನಿಮಾ ಒಳಗೆ ತೋರಿಸುತ್ತಿದ್ದರು ಎಂದು ಕೆಲವರು ಆಮೇಲೆ ಹೇಳಿದರು. ಯಾವುದಾದರೂ ಆಗಿರಲಿ, ಹೊರಗಿನವರ ಕಿವಿಗೆ ಅದು ಕಾರ್ಯಕ್ರಮವೇ. 7.15ರ ಸುಮಾರಿಗೆ ಇಡೀ ಗುಂಪು ಆ ಕೆಲವು ಬಾಗಿಲುಗಳ ಕಡೆ ವಾಲಿತು.

ಬದುಕಿ ಬಂದವರ ಹೇಳಿಕೆಗಳಲ್ಲಿ ಒಂದಕ್ಕೊಂದು ಹೋಲುವ ಕೆಲವು ಮಾತುಗಳಿವೆ. ಕೈಗಳು ಪಕ್ಕಕ್ಕೆ ಅಂಟಿಕೊಂಡಿದ್ದವು, ಎತ್ತಲು ಆಗುತ್ತಿರಲಿಲ್ಲ. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ, ಗುಂಪು ಎತ್ತ ವಾಲಿದರೆ ಮೈ ಅತ್ತ ಹೋಗುತ್ತಿತ್ತು. ಅಷ್ಟು ಚಳಿಯಲ್ಲೂ ಜನರ ಮೇಲಿಂದ ಹಬೆ ಏಳುತ್ತಿತ್ತು. ಗಲ್ಲ ಮೇಲಕ್ಕೆತ್ತಿ ಗಾಳಿಗಾಗಿ ಬಾಯಿ ತೆರೆಯಬೇಕಿತ್ತು. ಒಬ್ಬರು ಬಿದ್ದರೆ ಅವರ ಜಾಗ ಖಾಲಿಯಾಗಿ, ಪಕ್ಕದವರು ಅವರ ಮೇಲೆಯೇ ಬೀಳುತ್ತಿದ್ದರು.

ಮೊದಲ ಹೆಣ ಕಣ್ಣಿಗೆ ಬಿದ್ದದ್ದು 8ಕ್ಕೆ ಸ್ವಲ್ಪ ಮುಂಚೆ, ಗುಂಪು ತೆಳುವಾದ ಮೇಲೆ. ಸತ್ತ 11 ಜನರಲ್ಲಿ ಏಳು ಮಂದಿ ಗಂಡಸರು, ನಾಲ್ವರು ಹೆಂಗಸರು. ಎಲ್ಲರಿಗಿಂತ ಚಿಕ್ಕವರು 15 ವರ್ಷದ ಇಬ್ಬರು ಹುಡುಗಿಯರು, ದೊಡ್ಡವರಿಗೆ 27. ಮೂವರು ಒಂದೇ ಹೈಸ್ಕೂಲಿನಲ್ಲಿ ಓದಿದವರು. ಇನ್ನೂ ಇಪ್ಪತ್ತಕ್ಕೂ ಜಾಸ್ತಿ ಜನರಿಗೆ ಗಾಯ. ಬಾಗಿಲ ಮುಂದೆ ಜನರ ಕಾಲಿಂದ ಕಳಚಿಹೋದ ಬೂಟುಗಳ ರಾಶಿ ಉಳಿದಿತ್ತು.

ಸತ್ತವರ ಸಾವಿಗೆ ಕಾರಣ ಉಸಿರು ಕಟ್ಟಿದ್ದು. ಎದೆಯ ಮೇಲೆ ನಾಲ್ಕೂ ಕಡೆಯಿಂದ ಒತ್ತಡ ಬಿದ್ದರೆ ಪಕ್ಕೆಲುಬು ಹಿಗ್ಗುವುದಿಲ್ಲ, ಗಾಳಿ ಒಳಗೆ ಹೋಗುವುದಿಲ್ಲ. ನಿಂತ ನಿಲುವಿನಲ್ಲೇ ಸಾಯಬಹುದು. ಜನಸಂದಣಿಯನ್ನು ಅಭ್ಯಾಸ ಮಾಡಿದ ಅಮೆರಿಕದ ಎಂಜಿನಿಯರ್ ಜಾನ್ ಫ್ರುಯಿನ್ ಬರೆದಿರುವ ಪ್ರಕಾರ ಒಂದು ಚದರ ಮೀಟರಿನಲ್ಲಿ 7 ಜನರಷ್ಟು ತುಂಬಿಕೊಂಡರೆ ಗುಂಪು ದ್ರವದ ಹಾಗೆ ವರ್ತಿಸುತ್ತದೆ. ಹಿಂದಿನ ಒಂದು ತಳ್ಳು ಅಲೆಯಾಗಿ ಮುಂದಿನ ತನಕ ಹೋಗುತ್ತದೆ. ಆ ಹಂತದಲ್ಲಿ ಯಾವ ಒಬ್ಬ ಮನುಷ್ಯನ ಸಂಯಮಕ್ಕೂ ಬೆಲೆ ಇಲ್ಲ. ಶಿಸ್ತಿನಿಂದ ನಿಂತವನೂ ಅಲೆಯ ಜೊತೆ ಹೋಗುತ್ತಾನೆ.

ಕಾರ್ಯಕ್ರಮ ನಿಲ್ಲಿಸಬೇಕೆ?

ಈಗ ಎರಡನೇ ತಿರುವು. ಒಳಗೆ ಸಾವಿರಾರು ಜನ ಸೇರಿದ್ದಾರೆ. ಹೊರಗೆ ಹೆಣಗಳಿವೆ, ಆಂಬ್ಯುಲೆನ್ಸ್ ಓಡಾಡುತ್ತಿವೆ. ಒಳಗಿನವರಿಗೆ ಏನೂ ಗೊತ್ತಿಲ್ಲ, ಬ್ಯಾಂಡಿಗೂ ಗೊತ್ತಿಲ್ಲ. ಅಗ್ನಿಶಾಮಕ ಅಧಿಕಾರಿ ಕಾರ್ಯಕ್ರಮ ರದ್ದು ಮಾಡಬೇಕು ಎಂದರು. ಬ್ಯಾಂಡಿನ ಮ್ಯಾನೇಜರ್ ಒಪ್ಪಲಿಲ್ಲ. ಈಗ ರದ್ದು ಎಂದು ಹೇಳಿದರೆ ಸಿಟ್ಟಿಗೆದ್ದ ಸಾವಿರಾರು ಜನ ಅದೇ ಬಾಗಿಲುಗಳಿಂದ, ಗಾಯಾಳುಗಳಿಗೆ ಚಿಕಿತ್ಸೆ ನಡೆಯುತ್ತಿರುವ ಅದೇ ಬಯಲಿಗೆ ಹೊರಬರುತ್ತಾರೆ, ಇನ್ನಷ್ಟು ಜನ ಸಾಯುತ್ತಾರೆ ಎಂಬುದು ಅವರ ವಾದ. ಕಾರ್ಯಕ್ರಮ ನಡೆಯಿತು. ಬ್ಯಾಂಡಿನವರಿಗೆ ಹೇಳಲೂ ಇಲ್ಲ. ಒನ್ಸ್ ಮೋರ್ ಹಾಡು ಬೇಗ ಮುಗಿಸಿ ಎಂದಷ್ಟೇ ಸೂಚನೆ ಹೋಯಿತು. ವೇದಿಕೆ ಇಳಿದ ಮೇಲೆ ವಿಷಯ ತಿಳಿಸಿದರು.

ಹೊರಗೆ ಹೆಣಗಳಿರುವಾಗ ಒಳಗೆ ಹಾಡೇ ಎಂದು ಯಾರಿಗಾದರೂ ಕರುಳು ಚುರ್ ಎನ್ನುತ್ತದೆ. ಆದರೂ ಆ ಹೊತ್ತಿಗೆ ಅದು ಸರಿಯಾದ ತೀರ್ಮಾನ ಎಂದೇ ನನ್ನ ಅಭಿಪ್ರಾಯ. ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. 2011ರ ಅಕ್ಟೋಬರ್ 28ರಂದು ಗುರುಗ್ರಾಮದಲ್ಲಿ ಮೆಟಾಲಿಕಾ ಬ್ಯಾಂಡಿನ ಕಾರ್ಯಕ್ರಮ ಇತ್ತು. ವೇದಿಕೆ ಮುಂದಿನ ತಡೆಬೇಲಿಯ ಸುರಕ್ಷತೆ ವಿಷಯದಲ್ಲಿ ತೊಂದರೆಯಾಗಿ, ಜನ ಗಂಟೆಗಟ್ಟಲೆ ಕಾದ ಮೇಲೆ ಇವತ್ತು ಇಲ್ಲ ಎಂದು ಹೇಳಿದರು. ಗುಂಪು ವೇದಿಕೆಗೆ ನುಗ್ಗಿ ಸಾಮಾನು ಪುಡಿ ಮಾಡಿತು. ಅಲ್ಲಿ ರದ್ದು ಮಾಡಿದ್ದೇ ತಪ್ಪು ಎಂದು ಹೇಳುತ್ತಿಲ್ಲ. ತಡೆಬೇಲಿ ನಿಲ್ಲದಿದ್ದರೆ ಕಾರ್ಯಕ್ರಮ ನಡೆಸುವ ಹಾಗೇ ಇಲ್ಲ. ಆದರೆ ತುಂಬಿದ ಮೈದಾನಕ್ಕೆ ಇಲ್ಲ ಎಂದು ಹೇಳುವುದಕ್ಕೂ ಒಂದು ತಯಾರಿ ಬೇಕು. ಯಾರು ಹೇಳಬೇಕು, ಯಾವ ಮಾತಿನಲ್ಲಿ, ಯಾವ ಗೇಟಿನಿಂದ ಹೊರಗೆ ಬಿಡಬೇಕು ಎಂದು ಮೊದಲೇ ಗೊತ್ತಿರಬೇಕು. ಅದೇ ಬ್ಯಾಂಡ್ ಎರಡು ದಿನದ ನಂತರ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಷ್ಟು ದೊಡ್ಡ ಗುಂಪಿನ ಮುಂದೆ ನುಡಿಸಿತು.

ಸಿನ್ಸಿನಾಟಿಯ ಬಗ್ಗೆ ನನಗೆ ತಕರಾರು ಇರುವುದು ಅದರ ಮುಂದಿನ ಹೆಜ್ಜೆಗೆ. ಬ್ಯಾಂಡ್ ಮರುದಿನವೇ ಬಫಲೋ ನಗರಕ್ಕೆ ಹೋಗಿ ನುಡಿಸಿತು. ಗಾಯಕ ರೋಜರ್ ಡಾಲ್ಟ್ರಿ ವೇದಿಕೆಯ ಮೇಲೆ ಸತ್ತವರನ್ನು ನೆನೆದು, ಆ ರಾತ್ರಿಯ ಕಾರ್ಯಕ್ರಮವನ್ನು ಅವರಿಗೇ ಅರ್ಪಿಸಿದರು. ಅದು ಮನಸ್ಸಿನಿಂದ ಬಂದ ಮಾತೇ ಇರಬಹುದು. ಆದರೆ ಹೆಣ ಇನ್ನೂ ಮನೆಗೆ ತಲುಪದ ಊರನ್ನು ಬಿಟ್ಟು ಹೋದರಲ್ಲ ಎಂಬ ನೋವು ಆ ಊರಿನಲ್ಲಿ ಬಹಳ ವರ್ಷ ಉಳಿಯಿತು. ನಾವು ಅಲ್ಲೇ ಉಳಿಯಬೇಕಿತ್ತು ಎಂದು ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ಕೂಡ ದಶಕಗಳ ನಂತರ ಹೇಳಿಕೊಂಡರು.

ಯಾರನ್ನು ಬೈದರು, ಏನು ಬದಲಾಯಿತು

ಮರುದಿನದ ಸುದ್ದಿಗಳಲ್ಲಿ ತಪ್ಪು ಯಾರದು ಎಂಬ ಪ್ರಶ್ನೆಗೆ ಉತ್ತರ ಸಿದ್ಧವಾಗಿತ್ತು: ಗುಂಪಿನದು. ರಾಕ್ ಕೇಳುವ ಹುಡುಗರು, ಕುಡಿದವರು, ಗಾಂಜಾ ಸೇದಿದವರು, ಒಬ್ಬರನ್ನೊಬ್ಬರು ತುಳಿದು ಓಡಿದ ಕಾಡುಜನ. ಕೆಲವು ಅಂಕಣಕಾರರು ಇದಕ್ಕಿಂತ ಕೆಟ್ಟದಾಗಿಯೂ ಬರೆದರು. ಮಕ್ಕಳನ್ನು ಕಳೆದುಕೊಂಡವರು ಆ ದುಃಖದ ಮೇಲೆ ಇದನ್ನೂ ಓದಬೇಕಾಯಿತು.

ಅದು ಸುಳ್ಳು ಎಂದು ತೋರಿಸಲು ವರ್ಷಗಳೇ ಬೇಕಾದವು. ಸಿನ್ಸಿನಾಟಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞರೊಬ್ಬರು ಪೊಲೀಸರು ಬರೆದುಕೊಂಡಿದ್ದ ಹೇಳಿಕೆಗಳನ್ನು ಕೂತು ಓದಿದರು. 1987ರಲ್ಲಿ ಅವರ ಅಧ್ಯಯನ ಪ್ರಕಟವಾಯಿತು. ಹೇಳಿಕೆಗಳಲ್ಲಿ ಅವರಿಗೆ ಕಂಡದ್ದು ಬೇರೆಯೇ ಚಿತ್ರ. ಪಕ್ಕದಲ್ಲಿ ಬಿದ್ದವರನ್ನು ಎತ್ತಲು ಜನ ನೋಡಿದ್ದರು. ಗುರುತಿಲ್ಲದವರೂ ಗುರುತಿಲ್ಲದವರಿಗೆ ಕೈ ಕೊಟ್ಟಿದ್ದರು. ಕೈ ಅಲ್ಲಾಡಿಸಲು ಜಾಗ ಇರುವ ತನಕ ಸಹಾಯ ನಡೆದಿತ್ತು. ತಮ್ಮ ಜೀವ ಉಳಿದರೆ ಸಾಕು ಎಂದು ಬೇರೆಯವರನ್ನು ಮೆಟ್ಟಿದ ಗುಂಪು ಅಲ್ಲಿ ಕಾಣಲಿಲ್ಲ. ಹಿಂದೆ ಇದ್ದವರು ಮುಂದೆ ತಳ್ಳಿದ್ದು ನಿಜ. ಆದರೆ ಮುಂದೆ ಏನಾಗುತ್ತಿದೆ ಎಂದು ಅವರಿಗೆ ಹೇಳುವವರು ಯಾರಿದ್ದರು? ಕೈಯಲ್ಲಿ ಮೈಕ್ ಹಿಡಿದು, ಎತ್ತರದ ಜಾಗದಲ್ಲಿ ನಿಂತು, "ಮುಂದೆ ಜನ ಸಿಕ್ಕಿಹಾಕಿಕೊಂಡಿದ್ದಾರೆ, ಎರಡು ಹೆಜ್ಜೆ ಹಿಂದೆ ಸರಿಯಿರಿ, ಕಾರ್ಯಕ್ರಮ ಇನ್ನೂ ಶುರುವಾಗಿಲ್ಲ" ಎಂದು ಹೇಳಲು ಒಬ್ಬ ಮನುಷ್ಯ ಇದ್ದಿದ್ದರೆ ಸಾಕಿತ್ತೇನೋ.

ನಗರಾಡಳಿತ ಮಾತ್ರ ಬೇಗ ಎದ್ದು ಕೂತಿತು. ಡಿಸೆಂಬರ್ 27ರಂದೇ, ಅಂದರೆ ಒಂದು ತಿಂಗಳೊಳಗೆ, ನಂಬರಿಲ್ಲದ ಸೀಟಿನ ಪದ್ಧತಿಯನ್ನು ನಗರಸಭೆ ನಿಷೇಧಿಸಿತು. ಒಂದು ಕಾರ್ಯಪಡೆ ಕೂಡ ಆಯಿತು. ಅದರ ವರದಿ 1980ರಲ್ಲಿ ಬಂತು. ವರದಿಯ ತಿರುಳು ಇಷ್ಟು: ಗುಂಪು ಕೆಟ್ಟ ಮೇಲೆ ಲಾಠಿ ಹಿಡಿಯುವುದು ಒಂದು ಕೆಲಸ, ಗುಂಪು ಕೆಡದ ಹಾಗೆ ಮೊದಲೇ ಯೋಜನೆ ಮಾಡುವುದು ಬೇರೆಯೇ ಕೆಲಸ. ಎರಡನೆಯದನ್ನು ಯಾರೂ ಮಾಡಿರಲಿಲ್ಲ. ಆ ಕಾರ್ಯಪಡೆಯಲ್ಲಿ ದುಡಿದ, ಆಗ ನಗರದ ಮಾಹಿತಿ ಅಧಿಕಾರಿಯಾಗಿದ್ದ ಒಬ್ಬರು ಮುಂದೆ ಇಡೀ ಬದುಕನ್ನೇ ಜನಸಂದಣಿ ಸುರಕ್ಷತೆಯ ಕೆಲಸಕ್ಕೆ ಕೊಟ್ಟರು.

ಬೇರೆ ಊರುಗಳ ಪ್ರತಿಕ್ರಿಯೆ ಅಷ್ಟು ಯೋಚನೆಯದ್ದಾಗಿರಲಿಲ್ಲ. ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದ ಮೇಯರ್ ಅದೇ ತಿಂಗಳು ಅಲ್ಲಿ ನಡೆಯಬೇಕಿದ್ದ ಬ್ಯಾಂಡಿನ ಕಾರ್ಯಕ್ರಮವನ್ನು ರದ್ದು ಮಾಡಿದರು. ತಮಾಷೆ ಏನೆಂದರೆ ಅಲ್ಲಿನ ಟಿಕೆಟ್‌ಗಳಿಗೆ ಸೀಟ್ ನಂಬರ್ ಇತ್ತು. ಅಪಾಯ ಇದ್ದದ್ದು ಬಾಗಿಲಿನಲ್ಲಿ, ಶಿಕ್ಷೆ ಆದದ್ದು ಬ್ಯಾಂಡಿಗೆ. 2013ರಲ್ಲಿ ಬ್ಯಾಂಡ್ ಅದೇ ಊರಿನ ಅದೇ ಅರೀನಾದಲ್ಲಿ ನುಡಿಸಿದಾಗ 1979ರ ಆ ಹಳೇ ಟಿಕೆಟ್ ಇಟ್ಟುಕೊಂಡಿದ್ದವರಿಗೂ ಒಳಗೆ ಬಿಟ್ಟರು.

ಸತ್ತವರ ಮನೆಯವರು ಹಾಕಿದ ಮೊಕದ್ದಮೆಗಳು ರಾಜಿಯಲ್ಲಿ ಮುಗಿದವು. ಪರಿಹಾರ ಸಿಕ್ಕಿತು. ಆದರೆ ಬಾಗಿಲು ತೆಗೆಸಬೇಕಾದವರು ಯಾರಾಗಿದ್ದರು ಎಂಬ ಪ್ರಶ್ನೆಗೆ ನ್ಯಾಯಾಲಯದ ಬಾಯಿಂದ ಉತ್ತರ ಬರಲಿಲ್ಲ.

ಇದರಿಂದ ಏನು ತಿಳಿಯುತ್ತದೆ

ಸೀಟ್ ನಂಬರ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಸಿನ್ಸಿನಾಟಿ ತಕ್ಷಣ ಕಲಿತ ಪಾಠ. ಅದು ತಪ್ಪು ಪಾಠ ಅಲ್ಲ, ಅರ್ಧ ಪಾಠ. ನಂಬರ್ ಇದ್ದರೆ ಬೇಗ ಬಂದು ಒತ್ತಿಕೊಂಡು ನಿಲ್ಲುವ ಕಾರಣವೇ ಹೋಗುತ್ತದೆ, ಒಪ್ಪುತ್ತೇನೆ. ಆದರೆ ನಿಂತು ಕುಣಿಯುವ ಸಂಗೀತಕ್ಕೆ ಕುರ್ಚಿ ಹಾಕಿ ಕೂರಿಸಿದರೆ ಜನ ಕೂರುವುದಿಲ್ಲ. ದೊಡ್ಡ ಕಾರ್ಯಕ್ರಮಗಳು ಬೇರೆ ಊರಿಗೆ ಹೋಗತೊಡಗಿದವು. 2002ರಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಕಾರ್ಯಕ್ರಮಕ್ಕೆ ನಗರಸಭೆ ವಿನಾಯಿತಿ ಕೊಟ್ಟಿತು. 2004ರಲ್ಲಿ ನಿಷೇಧವನ್ನೇ ತೆಗೆದರು. ಹಾಗಾದರೆ ಪಾಠ ಮರೆತರಾ? ನನಗೆ ಹಾಗನಿಸುವುದಿಲ್ಲ. ಆ ಇಪ್ಪತ್ತೈದು ವರ್ಷಗಳಲ್ಲಿ ಜನಸಂದಣಿ ನೋಡಿಕೊಳ್ಳುವ ವಿದ್ಯೆ ಬಹಳ ಬೆಳೆದಿತ್ತು. ಅಮೆರಿಕದಲ್ಲಿ ಜನ ಸೇರುವ ಕಟ್ಟಡಗಳ ಜೀವರಕ್ಷಣೆಗೆ ಬಳಸುವ ಸಂಹಿತೆ ಈಗ ಪ್ರತಿ 250 ಜನಕ್ಕೆ ತರಬೇತಾದ ಒಬ್ಬ ಜನಸಂದಣಿ ಮೇಲ್ವಿಚಾರಕ ಇರಬೇಕು ಎನ್ನುತ್ತದೆ. 1979ರ ಆ ಬಯಲಿಗೆ ಈ ಲೆಕ್ಕ ಹಾಕಿ ನೋಡಿ. 8,000 ಜನಕ್ಕೆ 32 ಮಂದಿ, ಅದೂ ಬೇರೇನೂ ಕೆಲಸ ಇಲ್ಲದೆ ಗುಂಪನ್ನೇ ನೋಡುತ್ತಾ ನಿಂತವರು.

ಉಳಿದ ಅರ್ಧ ಪಾಠ ಅಧಿಕಾರದ್ದು, ಅದನ್ನು ಕಲಿಯುವುದು ಕಷ್ಟ ಅಂತ ಕಾಣುತ್ತದೆ. 2021ರ ನವೆಂಬರ್ 5ರಂದು ಹ್ಯೂಸ್ಟನ್ನಿನ ಆಸ್ಟ್ರೊವರ್ಲ್ಡ್ ಉತ್ಸವದಲ್ಲಿ ವೇದಿಕೆಯ ಮುಂದಿನ ಒತ್ತಡಕ್ಕೆ ಸಿಕ್ಕಿ 10 ಜನ ಸತ್ತರು. ಅಲ್ಲಿ ಕ್ಯಾಮೆರಾ ಇತ್ತು, ವಾಕಿಟಾಕಿ ಇತ್ತು, ಬರೆದಿಟ್ಟ ಯೋಜನೆಯೂ ಇತ್ತು. ಆ ಯೋಜನೆಯ ಪ್ರಕಾರ ಕಾರ್ಯಕ್ರಮ ನಿಲ್ಲಿಸುವ ಅಧಿಕಾರ ಇದ್ದದ್ದು ಇಬ್ಬರಿಗೆ ಮಾತ್ರ. ಗುಂಪಿನ ಪಕ್ಕದಲ್ಲೇ ನಿಂತು ಜನ ಕುಸಿಯುವುದನ್ನು ನೋಡಿದವರು ಆ ಇಬ್ಬರಲ್ಲಿ ಇರಲಿಲ್ಲ.

ಬೆಂಗಳೂರಿನ ಓದುಗರಿಗೆ ಇಷ್ಟು ಹೊತ್ತಿಗೆ 2025ರ ಜೂನ್ 4 ನೆನಪಾಗಿಯೇ ಇರುತ್ತದೆ. ಆರ್‌ಸಿಬಿ ಐಪಿಎಲ್ ಗೆದ್ದ ಮರುದಿನ, ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ. ಅಲ್ಲೂ ಸತ್ತವರು 11 ಜನ, ಅಲ್ಲೂ ಬಹುಪಾಲು ಚಿಕ್ಕ ವಯಸ್ಸಿನವರು. ಎರಡೂ ಒಂದೇ ಎಂದು ಹೇಳಲು ಆಗುವುದಿಲ್ಲ. ಸಿನ್ಸಿನಾಟಿಯಲ್ಲಿ ಮಾರಿದ ಟಿಕೆಟ್ ಎಷ್ಟು, ಬರುವವರು ಎಷ್ಟು ಎಂದು ವಾರಗಳ ಮುಂಚೆಯೇ ಗೊತ್ತಿತ್ತು. ಇಲ್ಲಿ ಸುಮಾರು 35,000 ಜನ ಹಿಡಿಸುವ ಜಾಗಕ್ಕೆ ಒಂದೇ ದಿನದ ಸುದ್ದಿಯ ಮೇಲೆ ಲಕ್ಷಗಟ್ಟಲೆ ಜನ ಬಂದರು. ಆದರೆ ಒಳಗೆ ಯಾರನ್ನು ಬಿಡುತ್ತಾರೆ, ಯಾವಾಗ, ಯಾವ ಗೇಟಿನಿಂದ ಎಂಬ ವಿಷಯದಲ್ಲಿ ಗೊಂದಲ, ಗೇಟಿನ ಮುಂದೆ ಒತ್ತಡ, ಒಳಗೆ ಅದೇ ಹೊತ್ತಿಗೆ ನಡೆಯುತ್ತಿದ್ದ ಸಂಭ್ರಮ, ಇವುಗಳನ್ನು ಓದಿದಾಗ ಸಿನ್ಸಿನಾಟಿಯ ಆ ವರದಿಯ ಪುಟಗಳೇ ಕಣ್ಣ ಮುಂದೆ ಬರುತ್ತವೆ.

ಚಿಕ್ಕ ಮಟ್ಟದಲ್ಲಿ ಕಾರ್ಯಕ್ರಮ ಮಾಡುವವರಿಗೆ ಕಾರ್ಯಪಡೆ, ಸಂಹಿತೆ ಎಲ್ಲ ದೊಡ್ಡ ಮಾತು ಅನಿಸಬಹುದು. ನಾಲ್ಕು ಸಾವಿರ ಜನ ಸೇರುವ ಕಾಲೇಜು ಮೈದಾನಕ್ಕೆ ಅಷ್ಟೆಲ್ಲ ಯಾಕೆ ಎನ್ನಬಹುದು. ನಾನಾಗಿದ್ದರೆ ಕಡೇಪಕ್ಷ ಇಷ್ಟು ಮಾಡುತ್ತೇನೆ. ಗೇಟಿನ ಹೊರಗೆ, ಜನರ ಮುಖ ಕಾಣುವ ಜಾಗದಲ್ಲಿ ಒಬ್ಬರನ್ನು ನಿಲ್ಲಿಸುತ್ತೇನೆ. ಅವರಿಗೆ ಒಂದು ಮೈಕ್, ಒಳಗಿನವರ ಜೊತೆ ಮಾತಾಡಲು ಒಂದು ಫೋನ್. ಫೋನ್ ಸಿಗದಿದ್ದರೂ, ಯಾರನ್ನೂ ಕೇಳದೆ ಎಲ್ಲ ಗೇಟು ತೆಗೆಸುವ ಅಧಿಕಾರ ಅವರಿಗಿದೆ ಎಂದು ಪ್ರಿನ್ಸಿಪಾಲರ ಸಹಿಯ ಕಾಗದ. ಟಿಕೆಟ್ ಇಲ್ಲದ ನೂರು ಜನ ಒಳಗೆ ಹೋದರೆ ಹೋಗಲಿ. ಬಾಗಿಲು ತೆಗೆಯುವುದು ತಡವಾದರೆ ಸೌಂಡ್ ಚೆಕ್ ನಿಲ್ಲಿಸಬೇಕು, ಇಲ್ಲವೇ ಹೊರಗಿನ ಸ್ಪೀಕರಿನಲ್ಲಿ ಇದು ಸೌಂಡ್ ಚೆಕ್ ಎಂದು ಹೇಳುತ್ತಲೇ ಇರಬೇಕು. ಕಲಾವಿದರ ಜೊತೆ ಒಪ್ಪಂದ ಮಾಡಿಕೊಳ್ಳುವಾಗಲೇ ಇದನ್ನು ಬರೆಸಿಕೊಳ್ಳುವುದು ಒಳ್ಳೆಯದು. ವೇದಿಕೆ ಹತ್ತುವ ಗಳಿಗೆಯಲ್ಲಿ ದೊಡ್ಡ ಹೆಸರಿನ ಗಾಯಕರಿಗೆ ನಿಲ್ಲಿಸಿ ಸಾರ್ ಎಂದು ಹೇಳುವ ಧೈರ್ಯ ಎರಡನೇ ವರ್ಷದ ಹುಡುಗನಿಗೆ ಎಲ್ಲಿಂದ ಬರಬೇಕು?

ಸಿನ್ಸಿನಾಟಿಯಲ್ಲಿ ಸತ್ತವರಲ್ಲಿ ಮೂವರು ಓದಿದ್ದ ಆ ಹೈಸ್ಕೂಲಿನಲ್ಲಿ 2010ರ ಹೊತ್ತಿಗೆ ಅವರ ಹೆಸರಿನಲ್ಲಿ ವಿದ್ಯಾರ್ಥಿವೇತನ ಶುರುವಾಯಿತು. ಮೂರೂ ಹೆಸರುಗಳ ಮೊದಲಕ್ಷರ ಸೇರಿಸಿ ಅದಕ್ಕೆ ಹೆಸರಿಟ್ಟರು. ಅರೀನಾದ ಹತ್ತಿರ 11 ಹೆಸರುಗಳ ಸ್ಮಾರಕ ಫಲಕ ಬಂದದ್ದು 2015ರಲ್ಲಿ. ಘಟನೆ ನಡೆದು 36 ವರ್ಷ ಆದ ಮೇಲೆ. ಡಾಲ್ಟ್ರಿ 2018ರಲ್ಲಿ ಆ ಶಾಲೆಗೆ ಹೋಗಿ ಮನೆಯವರನ್ನು ಕಂಡರು. ಬ್ಯಾಂಡ್ 2020ರಲ್ಲಿ ಮತ್ತೆ ಆ ಕಡೆ ಬಂದು ನುಡಿಸಬೇಕಿತ್ತು, ಕೋವಿಡ್ ಬಂದು ಮುಂದೆ ಹೋಯಿತು. ಕೊನೆಗೆ 2022ರ ಮೇ 15ರಂದು ಸಿನ್ಸಿನಾಟಿಯಲ್ಲಿ ಕಾರ್ಯಕ್ರಮ ನಡೆಯಿತು. ಈ ಸಲ ಹಳೆಯ ಅರೀನಾದಲ್ಲಿ ಅಲ್ಲ, ನಗರದ ಹೊಸ ಫುಟ್ಬಾಲ್ ಕ್ರೀಡಾಂಗಣದಲ್ಲಿ.